ಬೆಲ್ಮೀರೊ ಜೇಬಿಗಿಟ್ಟ ಕರವಸ್ತ್ರ

ನೀರಿನ ಮೀಟರ್ ಓದುವವನಿಗೆ ಶೋಕಿ ಯಾಕೆ ಎಂದು ಬುಧವಾರ ಬೆಳಿಗ್ಗೆಯೇ ಯಾರಾದರೂ ಬೆಲ್ಮೀರೊನನ್ನು ತಡೆದು ಕೇಳಿದ್ದರೆ, ಪೋರ್ಚುಗಲ್ಲಿನ ಮಿನ್ಯೊ ಸೀಮೆಯ ರಿಬಾಲ್ವಾ ಊರಿನಲ್ಲಿ ಆ ವಾರ ಅಷ್ಟೊಂದು ಸಂಸಾರಗಳು ಅಲ್ಲಾಡುತ್ತಿರಲಿಲ್ಲ. ಯಾರೂ ಕೇಳಲಿಲ್ಲ. ಬೆಲ್ಮೀರೊನನ್ನು ಯಾವುದರ ಬಗ್ಗೆಯಾದರೂ ಕೇಳುವ ಪದ್ಧತಿಯೇ ಆ ಊರಿನಲ್ಲಿ ಇರಲಿಲ್ಲ. ತಿಂಗಳಿಗೊಮ್ಮೆ ಚೀಲ ನೇತುಹಾಕಿಕೊಂಡು ಹಿತ್ತಿಲಿಗೆ ಬಂದು ಮೀಟರ್ ನೋಡಿ ಹೋಗುತ್ತಾನೆ. ಗೇಟಿನ ಹಾಗೆ, ಚರಂಡಿಯ ಹಾಗೆ ಇದ್ದಾನೆ ಎಂದು ಗೊತ್ತು, ಅಷ್ಟೆ.

ಆ ವಾರ ಪಂಚಾಯಿತಿ ಅಧ್ಯಕ್ಷ ಅಬೀಲಿಯೊ ಪಿಮೆಂತಾ ‘ಪೋರ್ಚುಗೀಸ್ ಕಲೆ, ಸಾಹಿತ್ಯ ಮತ್ತು ಕೈಕಸುಬುಗಳ ಸಪ್ತಾಹ’ ಏರ್ಪಡಿಸಿದ್ದ. ಕಲೆ ಎಂದರೆ ಸಭಾಂಗಣದ ಗೋಡೆಗೆ ತೂಗುಹಾಕಿದ್ದ ಅವನ ಭಾವಮೈದುನನ ಮೂರು ಚಿತ್ರಗಳು. ಸಾಹಿತ್ಯ ಎಂದರೆ ಅಬೀಲಿಯೊನ ಭಾಷಣ. ಕೈಕಸುಬು ಎಂದರೆ ಊರಿನ ಹೆಂಗಸರು. ಅವರಿಗೆ ಕೂರಲು ಒಂದು ಬೆಂಚು ಹಾಕಿಸುವುದು ಮಾತ್ರ ಮರೆತುಹೋಗಿತ್ತು. ಲಿಸ್ಬನ್ನಿನಿಂದ ಕಲೆ ಬಲ್ಲ ಒಬ್ಬರು ಅಮ್ಮನವರು ಬಂದು ರಿಬ್ಬನ್ ಕತ್ತರಿಸುವುದು, ಪಕ್ಕದಲ್ಲಿ ಕತ್ತರಿಯ ತಟ್ಟೆ ಹಿಡಿದು ಬೆಲ್ಮೀರೊ ನಿಲ್ಲುವುದು ಎಂದು ನಿಶ್ಚಯವಾಗಿತ್ತು. ಅಂದರೆ ಬೆಲ್ಮೀರೊ ಫೋಟೊದಲ್ಲಿ ಬರುತ್ತಾನೆ! ಐವತ್ತೊಂದು ವರ್ಷದಲ್ಲಿ ಅವನ ಫೋಟೊ ತೆಗೆದದ್ದು ಎರಡೇ ಸಲ: ಗುರುತಿನ ಚೀಟಿಗೆ ಒಮ್ಮೆ, ಮದುವೆಯಲ್ಲಿ ಒಮ್ಮೆ. ಎರಡರಲ್ಲೂ ಕಣ್ಣು ಮುಚ್ಚಿದ್ದ.

ಈ ಸಲ ಕಣ್ಣು ಬಿಟ್ಟುಕೊಂಡು ನಿಲ್ಲುವುದು, ಕೋಟಿನ ಜೇಬಿನಿಂದ ಒಂದು ಕರವಸ್ತ್ರದ ತುದಿ ಇಣುಕುವಂತೆ ಮಾಡಿಕೊಳ್ಳುವುದು ಎಂದು ಅವನು ತೀರ್ಮಾನಿಸಿದ. ಹೆಂಡತಿ ಗ್ರಾಸಿಂದಾ ಅಷ್ಟು ಹೊತ್ತಿಗೆ ಅತಿಥಿಗಳಿಗೆ ಮೆಕ್ಕೆಜೋಳದ ರೊಟ್ಟಿ ಕೊಯ್ದಿಡಲು ಸಭಾಂಗಣಕ್ಕೆ ಹೋಗಿಯಾಗಿತ್ತು. ಬೆಲ್ಮೀರೊ ಮರದ ಪೆಟ್ಟಿಗೆ ತೆಗೆದು ಕಂಬಳಿಗಳನ್ನೆಲ್ಲ ಹೊರಗೆ ಎಸೆದು ತಳ ಮುಟ್ಟಿದ. ತಳದಲ್ಲಿ ಮಡಿಚಿಟ್ಟ ಒಂದು ಬಿಳಿ ನಾರುಬಟ್ಟೆಯ ಚೌಕ ಸಿಕ್ಕಿತು. ಕೆಂಪು, ನೀಲಿ, ಹಸಿರು ದಾರದಲ್ಲಿ ಹೃದಯಗಳು, ಒಂದು ಬೀಗದ ಕೈ, ಕೊಕ್ಕಿಗೆ ಕೊಕ್ಕು ಕೊಟ್ಟು ಕುಳಿತ ಎರಡು ಹಕ್ಕಿಗಳು. ಮೂಲೆಯಲ್ಲಿ ಒಂಟಿ ಅಕ್ಷರ: ‘ಅ’. ಅಂಚಿನ ಸುತ್ತಲೂ ಕಸೂತಿಯಲ್ಲೇ ಒಂದು ಪದ್ಯ:

‘ದಾರಿ ನೋಡಿ ಕಣ್ಣು ಸೋತಿತು, ದಾರ ಎಳೆದು ಬೆರಳು ಸೋತಿತು, ಬರುವುದಾದರೆ ಬಾ, ಇಲ್ಲವೇ ನನ್ನ ನಿದ್ದೆಯನ್ನಾದರೂ ಹಿಂದಕ್ಕೆ ಕೊಡು.’

ಪೂರ್ತಿ ಓದುವ ತಾಳ್ಮೆ ಬೆಲ್ಮೀರೊಗೆ ಇರಲಿಲ್ಲ. ಈಗ ಇಂಥ ಕರವಸ್ತ್ರದ ಚಿತ್ರ ಕಾಫಿ ಲೋಟದ ಮೇಲಿದೆ, ಚಾಕೊಲೇಟ್ ಡಬ್ಬಿಯ ಮೇಲಿದೆ, ವಿಮಾನ ನಿಲ್ದಾಣದಲ್ಲಿ ಮಾರುವ ಚಪ್ಪಲಿಯ ಮೇಲೂ ಇದೆ. ಯಾವುದೋ ಅಂಗಡಿಯದಿರಬೇಕು ಎಂದುಕೊಂಡು, ಅಕ್ಷರವೂ ಒಂದು ಹಕ್ಕಿಯೂ ಕಾಣುವಂತೆ ಜೇಬಿಗೆ ಸಿಕ್ಕಿಸಿಕೊಂಡು ಹೊರಟ.

ರಿಬಾಲ್ವಾದಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ವಿಷಯವನ್ನು ಈ ಮನುಷ್ಯ ಆ ಗಡಿಬಿಡಿಯಲ್ಲಿ ಮರೆತ. ಹುಡುಗಿ ತನ್ನ ಕೈಯಾರೆ ಕಸೂತಿ ಹಾಕಿದ ಕರವಸ್ತ್ರವನ್ನು ತಾನು ಮೆಚ್ಚಿದವನಿಗೆ ಕಳಿಸುತ್ತಾಳೆ. ಅವನು ಅದನ್ನು ನಾಲ್ಕು ಜನರೆದುರು ಜೇಬಿಗೆ ಸಿಕ್ಕಿಸಿಕೊಂಡರೆ ಒಪ್ಪಿದ ಹಾಗೆ. ವಾಪಸ್ ಕಳಿಸಿದರೆ ಮುಗಿಯಿತು. ಲಗ್ನಪತ್ರಿಕೆ, ದಲ್ಲಾಳಿ ಯಾವುದೂ ಬೇಡ. ಇದನ್ನು ಈಗ ಯಾರೂ ಪಾಲಿಸುವುದಿಲ್ಲ, ಆದರೆ ಯಾರೂ ಮರೆತಿಲ್ಲ. ಪಾಲಿಸದೆ ಇರುವುದನ್ನು ನೆನಪಿಟ್ಟುಕೊಳ್ಳುವುದರಲ್ಲಿ ಊರುಗಳನ್ನು ಮೀರಿಸುವವರಿಲ್ಲ.

ಬೆಲ್ಮೀರೊ ತಟ್ಟೆ ಹಿಡಿದು ಕಣ್ಣು ಅಗಲ ಮಾಡಿ ನಿಂತ. ಅಬೀಲಿಯೊ ಪಕ್ಕದಲ್ಲೇ ನಿಂತು ಭಾಷಣ ಮಾಡುತ್ತಿದ್ದ: “ನಮ್ಮ ಹೆಣ್ಣುಮಕ್ಕಳ ಬೆರಳುಗಳೇ ನಮ್ಮ ಮಹಾಕಾವ್ಯ! ಒಂದೊಂದು ಹೊಲಿಗೆಯೂ ಒಂದೊಂದು ಪದ್ಯ! ಇದನ್ನು ನಾವು ಕಣ್ಣಿಗೊತ್ತಿಕೊಳ್ಳಬೇಕು!”

ಮಹಾಕಾವ್ಯಗಳೆಲ್ಲ ಗೋಡೆಗೆ ಒರಗಿ ನಿಂತು ಬೆಲ್ಮೀರೊನ ಜೇಬು ನೋಡುತ್ತಿದ್ದವು.

“ಅಮೇಲಿಯಾ, ನೋಡ್ದೆಯಾ?” ಎಂದಳು ಬೇಕರಿಯ ವಿಧವೆ ಅದೊಸಿಂದಾ.

“ನೋಡ್ದೆ. ಮೆಷಿನ್ನಿದಲ್ಲ ಅದು,” ಎಂದಳು ಮಾಂಸದಂಗಡಿಯವನ ಹೆಂಡತಿ ಅಮೇಲಿಯಾ.

“ಮೆಷಿನ್ ಎಲ್ಲಿ ಬಂತು? ಒಬ್ಬನಿಗೇ ಅಂತ ಕೂತು ಹಾಕಿದ್ದು. ಅಕ್ಷರಾನೂ ಇದೆ.”

“ಏನು ಅಕ್ಷರ?”

“ಅ.”

ಅಮೇಲಿಯಾ ಎರಡು ಹೆಜ್ಜೆ ಹಿಂದೆ ಸರಿದಳು. ಅದೇ ಅವಳು ಮಾಡಿದ ತಪ್ಪು. ಯಾಕೆ ಸರಿದಳು ಎಂದು ಮೂವರು ನೋಡಿದರು. ಆ ಮೂವರು ಯಾಕೆ ನೋಡುತ್ತಿದ್ದಾರೆ ಎಂದು ಇನ್ನು ಆರು ಜನ ನೋಡಿದರು. ರಿಬ್ಬನ್ ಕತ್ತರಿಸುವಷ್ಟರಲ್ಲಿ ಊರಿಗೆ ಊರೇ ಊರನ್ನು ನೋಡುತ್ತಿತ್ತು.

ಅದೊಸಿಂದಾಗೆ ತನ್ನ ಹೆಸರೂ ‘ಅ’ ಎಂಬುದು ತಡವಾಗಿ ಹೊಳೆಯಿತು. ಬೇರೆಯವರು ತನ್ನತ್ತ ಬೆರಳು ತೋರಿಸುವ ಮೊದಲು ತಾನೇ ತೋರಿಸುವುದು ಒಳ್ಳೆಯದು ಎಂದು ಮುಂದೆ ಬಂದಳು.

“ಏನಯ್ಯಾ ಬೆಲ್ಮೀರೊ, ಕರ್ಚೀಫು ಜೋರಾಗಿದೆ. ಯಾರು ಕೊಟ್ರು?”

“ಯಾರು ಕೊಡ್ತಾರೆ? ಮನೇಲಿತ್ತು.”

“ಗ್ರಾಸಿಂದಾ! ನಿನ್ನ ಕೈದೇನೇ ಇದು?”

ಪ್ರಶ್ನೆ ಕೇಳಿ ಕೆಲವರು ನಕ್ಕರು. ಗ್ರಾಸಿಂದಾ ಸೂಜಿ ಮುಟ್ಟುವುದಿಲ್ಲ ಎಂಬುದು ಊರಿಗೇ ಗೊತ್ತು. ಬೆಲ್ಮೀರೊನ ಅಂಗಿಯ ಗುಂಡಿಗಳನ್ನು ಬೆಲ್ಮೀರೊನೇ ಹಾಕಿಕೊಳ್ಳುತ್ತಿದ್ದ. ಗ್ರಾಸಿಂದಾ ತಲೆಯೆತ್ತಿದಳು. ರೊಟ್ಟಿಯೊಳಗೆ ಇಳಿದಿದ್ದ ಚಾಕು ಅಲ್ಲೇ ನಿಂತಿತು. ಒಂದು ಗಳಿಗೆ ಆ ಬಟ್ಟೆಯನ್ನು ನೋಡಿದಳು.

“ನಾನಿದನ್ನ ಕಂಡೇ ಇಲ್ಲ,” ಎಂದಳು.

ಆ ಮೂರು ಮಾತಿನಿಂದ ಬೆಲ್ಮೀರೊ ರಿಬಾಲ್ವಾದ ಇತಿಹಾಸದಲ್ಲಿ ಮೊದಲ ಬಾರಿಗೆ ಮುಖ್ಯ ವ್ಯಕ್ತಿಯಾದ.

ಮನೆಯಲ್ಲಿ ಊಟಕ್ಕೆ ಎಲೆಕೋಸಿನ ಸಾರು ಬಂತು. ದಿನಾ ಅದರಲ್ಲಿ ತೇಲುವ ಮಾಂಸದ ಬಿಲ್ಲೆ ಇವತ್ತು ಇರಲಿಲ್ಲ. ಬೆಲ್ಮೀರೊ ಚಮಚದಿಂದ ತಳದವರೆಗೆ ಹುಡುಕಿದ.

“ಗ್ರಾಸಿಂದಾ, ದೇವರಾಣೆ ಕಣೇ, ನಮ್ಮ ಪೆಟ್ಟಿಗೇಲೇ ಇತ್ತು.”

“ಪೆಟ್ಟಿಗೇಲಿ ಕಂಬಳಿ ಇರುತ್ತೆ.”

“ಕಂಬಳಿ ಕೆಳಗೆ.”

“ಕಂಬಳಿ ಕೆಳಗೆ ಪೆಟ್ಟಿಗೆ ಇರುತ್ತೆ. ಸಾರು ಕುಡಿ.”

ಅವಳ ಮುಖ ನೋಡಿದರೆ ಸಿಟ್ಟೋ ಹೆದರಿಕೆಯೋ ತಿಳಿಯುತ್ತಿರಲಿಲ್ಲ. ಸಿಟ್ಟೇ ಇರಬೇಕು ಎಂದುಕೊಂಡ ಬೆಲ್ಮೀರೊ. ಅವಳು ಹೆದರಿದ್ದನ್ನು ಅವನು ಕಂಡಿರಲಿಲ್ಲ. ಹಾಗಾದರೆ ಪೆಟ್ಟಿಗೆಯೊಳಗೆ ಅದನ್ನು ತಂದಿಟ್ಟವರು ಯಾರು? ಬೇಕರಿಯ ಅದೊಸಿಂದಾ ಎರಡು ಸಲ ಬಿಸಿ ಬನ್ನು ಪುಕ್ಕಟೆ ಕೊಟ್ಟಿದ್ದಳು. ಅಂಚೆಯವಳು ಒಮ್ಮೆ ನಕ್ಕಿದ್ದಳು. ಯೋಚಿಸುತ್ತ ಯೋಚಿಸುತ್ತ ಬೆಲ್ಮೀರೊಗೆ ತನ್ನ ಮೇಲೆಯೇ ಅನುಮಾನ ಬಂತು. ನಿಜವಾಗಿಯೂ ಯಾರದೋ ಸಹವಾಸ ಮಾಡಿ, ತಾನು ಮರೆತುಬಿಟ್ಟಿದ್ದರೆ? ಕೊಡೆ ಮರೆಯುತ್ತಾನೆ, ಕನ್ನಡಕ ಮರೆಯುತ್ತಾನೆ. ಇದನ್ನೂ ಮರೆಯಬಾರದೇಕೆ?

ಮರುದಿನ ಮಾಂಸದಂಗಡಿಗೆ ಹೋದರೆ ಅಮೇಲಿಯಾಳ ಗಂಡ ಎರ್ಮೀನಿಯೊ ಕತ್ತಿ ಮಸೆಯುತ್ತಿದ್ದ.

“ಬೆಲ್ಮೀರೊ, ನಮ್ಮನೆ ಮೀಟರ್ ಎಲ್ಲಿದೆ?”

“ಅಡುಗೆಮನೆ ಹಿಂದೆ. ಎಡಗಡೆ.”

“ಅಷ್ಟು ಸರಿಯಾಗಿ ನಿನಗೆ ಹೆಂಗೆ ಗೊತ್ತು?”

“ಅಯ್ಯೋ ಮಹಾರಾಯ, ಮೀಟರ್ ಓದೋನೇ ನಾನಲ್ವಾ!”

“ಹೂಂ,” ಎಂದ ಎರ್ಮೀನಿಯೊ. ಕತ್ತಿಯ ಇನ್ನೊಂದು ಮಗ್ಗುಲು ಮಸೆಯತೊಡಗಿದ. “ಹಂದಿ ಮಾಂಸ ಇಲ್ಲ ಇವತ್ತು.”

ಅವನ ಹಿಂದೆ ಒಂದು ಇಡೀ ಹಂದಿ ನೇತಾಡುತ್ತಿತ್ತು. ಅದೂ ಬೆಲ್ಮೀರೊನನ್ನು ಅನುಮಾನದಿಂದ ನೋಡುತ್ತಿರುವಂತಿತ್ತು.

ಶುಕ್ರವಾರ ಅಬೀಲಿಯೊ ಅವನನ್ನು ಕಚೇರಿಗೆ ಕರೆಸಿದ. ಊರಿನ ಪಾದ್ರಿಗಳೂ ಬಂದು ಕೂತಿದ್ದರು. ಮೇಜಿನ ಮೇಲೆ ಬಿಳಿ ಹಾಳೆ, ಹಾಳೆಯ ಮೇಲೆ ಆ ಕರವಸ್ತ್ರ. ಬುಧವಾರ ಸಂಜೆಯೇ ಅಬೀಲಿಯೊ ಅದನ್ನು ಸಾಕ್ಷ್ಯವೆಂದು ಕಿತ್ತುಕೊಂಡಿದ್ದ. ಅವನು ಭೂತಗನ್ನಡಿ ಹಿಡಿದು ಒಂದೊಂದೇ ಎಳೆ ನೋಡುತ್ತಿದ್ದ. ಎರಡು ದಿನದಿಂದ ನೋಡುತ್ತಲೇ ಇದ್ದನಂತೆ.

“ಬೆಲ್ಮೀರೊ, ನಾಚಿಕೆ ಬಿಟ್ಟು ಹೇಳ್ಬಿಡು. ಮನೆಮನೆಗೆ ಹೋಗಿ ನೀನು ಏನು ಮಾಡ್ತಿದೀಯ ಅಂತ ನಮಗೆ ಗೊತ್ತಾಗಿದೆ.”

ಬೆಲ್ಮೀರೊ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಇದು ಹೇಗೆ ಗೊತ್ತಾಯಿತು! ನಾಯಿಗಳಿಗೆ ಹೆದರಿ ಎಷ್ಟೋ ಮನೆಯ ಹಿತ್ತಿಲಿಗೆ ಹೋಗದೆ, ಗೇಟಿನ ಹೊರಗೇ ನಿಂತು ಅಂದಾಜಿನಲ್ಲಿ ಅಂಕಿ ಬರೆಯುತ್ತಿದ್ದುದು ಅವನೊಬ್ಬನಿಗೇ ಗೊತ್ತಿದ್ದ ಗುಟ್ಟು.

“ತಪ್ಪಾಯ್ತು, ಸಿನ್ಯೋರ್ ಅಬೀಲಿಯೊ.”

“ಎಷ್ಟು ದಿನದಿಂದ?” ಎಂದರು ಪಾದ್ರಿಗಳು ಮೆಲ್ಲಗೆ.

“ಎರಡು ವರ್ಷ, ಪಾದ್ರಿಗಳೇ.”

“ಒಂದೇ ಮನೆ ತಾನೇ?”

“ಹದಿನಾಲ್ಕು.”

ಪಾದ್ರಿಗಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಅಬೀಲಿಯೊ ಭೂತಗನ್ನಡಿ ಕೆಳಗಿಟ್ಟ. ಅವನ ಮುಖದಲ್ಲಿ ಕೋಪಕ್ಕಿಂತ ಹೆಚ್ಚಾಗಿ ಇನ್ನೇನೋ ಇತ್ತು. ಹೊಟ್ಟೆಕಿಚ್ಚು ಎಂದರೆ ಅಧ್ಯಕ್ಷರ ಮರ್ಯಾದೆಗೆ ಕುಂದು.

“ಹದಿನಾಲ್ಕು! ಈ ವಯಸ್ಸಲ್ಲಿ! ಯಾಕಯ್ಯಾ?”

“ನಾಯಿಗಳ ದೆಸೆಯಿಂದ.”

“ನಾಯಿ?”

“ಆ ಹದಿನಾಲ್ಕು ಮನೇಲೂ ನಾಯಿ ಇದಾವೆ. ಒಳಗೆ ಹೋದ್ರೆ ಕಚ್ತವೆ. ಅದಕ್ಕೇ ಹೊರಗೇ ನಿಂತು ಮೀಟರ್ ಇಷ್ಟು ಓಡಿರಬೌದು ಅಂತ ಬರ್ಕೊಂಡು ಹೋಗ್ತಿದ್ದೆ.”

ಬುದ್ಧಿ ಇರುವ ಯಾರಿಗಾದರೂ ಅಲ್ಲಿಗೆ ವಿಷಯ ಮುಗಿಯಬೇಕಿತ್ತು. ಆದರೆ ಅಬೀಲಿಯೊ ಅಧ್ಯಕ್ಷನಾಗಿದ್ದ.

“ಅಂದ್ರೆ ಹದಿನಾಲ್ಕು ಮನೆ ಕೆಲಸ ಮಾಡೋ ಹೊತ್ತು ನಿನಗೆ ಮಿಕ್ಕಿತು,” ಎಂದ ಅವನು ಮುಂದಕ್ಕೆ ಬಾಗಿ. “ಆ ಹೊತ್ತಲ್ಲಿ ನೀನು ಎಲ್ಲಿದ್ದೆ?”

ಆ ಹೊತ್ತಲ್ಲಿ ಬೆಲ್ಮೀರೊ ಹೊಳೆ ದಂಡೆಯಲ್ಲಿ ಟೋಪಿ ಮುಖದ ಮೇಲೆ ಹಾಕಿಕೊಂಡು ಮಲಗಿರುತ್ತಿದ್ದ. ಅದನ್ನು ಹೇಳಿದರೆ ಯಾರ ಜೊತೆ ಎಂದು ಕೇಳುತ್ತಾರೆ.

ಅಬೀಲಿಯೊ ತೀರ್ಪು ಕೊಟ್ಟ. ಭಾನುವಾರ ಪೂಜೆ ಮುಗಿದ ಮೇಲೆ ಸಪ್ತಾಹದ ಸಮಾರೋಪ. ಕಾರ್ಯಕ್ರಮ ಪಟ್ಟಿಯಲ್ಲಿ ‘ಕಸೂತಿಯ ಪ್ರಾತ್ಯಕ್ಷಿಕೆ’ ಎಂದು ಹೇಗೂ ಇದೆ. ಊರಿನಲ್ಲಿ ‘ಅ’ದಿಂದ ಹೆಸರಿರುವ ಹೆಂಗಸರು ಹನ್ನೊಂದು ಮಂದಿ. ಅವರೆಲ್ಲ ಬಂದು ಒಂದೊಂದು ಹಕ್ಕಿಯ ಕಸೂತಿ ಹಾಕತಕ್ಕದ್ದು. ಊರಿನ ಹೆಣ್ಣುಮಕ್ಕಳಿಗೆಲ್ಲ ಸೂಜಿ ಹಿಡಿಯುವುದನ್ನು ಕಲಿಸಿದ ದೋನಾ ಕಿತೇರಿಯಾ ಬಂದು, ಕರವಸ್ತ್ರದ ಹಕ್ಕಿ ಯಾರ ಕೈಯದು ಎಂದು ಹೇಳತಕ್ಕದ್ದು. ಅಷ್ಟರೊಳಗೆ ಬೆಲ್ಮೀರೊ ತಾನಾಗಿ ಹೆಸರು ಹೇಳಿದರೆ ಸರಿ. ಹೇಳದಿದ್ದರೆ ಮೀಟರಿನ ಚೀಲ ವಾಪಸ್ ಇಟ್ಟು ಮನೆಗೆ ಹೋಗಬಹುದು.

“ಆದ್ರೆ ನನಗೇ ಗೊತ್ತಿಲ್ವಲ್ಲ!” ಎಂದ ಬೆಲ್ಮೀರೊ.

“ಹಾಗಂತ ಎಲ್ರೂ ಹೇಳ್ತಾರೆ,” ಎಂದರು ಪಾದ್ರಿಗಳು, ಅನುಭವದಿಂದ.

ಮನೆಗೆ ಬಂದು ಗ್ರಾಸಿಂದಾಗೆ ಹೇಳಿದ: ಭಾನುವಾರ ಮಧ್ಯಾಹ್ನಕ್ಕೆ ಕೆಲಸ ಹೋಗುತ್ತದೆ. ಮೂವತ್ತು ವರ್ಷದ ಕೆಲಸ. ಬೇರೆ ಏನೂ ಬರುವುದಿಲ್ಲ ತನಗೆ. ಗ್ರಾಸಿಂದಾ ಕಿಟಕಿಯ ಕಡೆ ತಿರುಗಿ ನಿಂತಳು. “ಕೋಳಿಗೆ ಕಾಳು ಹಾಕ್ಬೇಕು,” ಎಂದು ಹೊರಟುಹೋದಳು. ಕೋಳಿಗಳಿಗೆ ಆ ದಿನ ಮೂರು ಸಲ ಕಾಳು ಬಿತ್ತು.

ಭಾನುವಾರ ಸಭಾಂಗಣದಲ್ಲಿ ಹೆಂಗಸರಿಗೆ ಕೊನೆಗೂ ಬೆಂಚು ಹಾಕಿದ್ದರು. ಕಲೆಗೆ ಸಿಗದ ಮರ್ಯಾದೆ ಅಪವಾದಕ್ಕೆ ಸಿಗುತ್ತದೆ. ಹನ್ನೊಂದು ಹೆಂಗಸರು ಸಾಲಾಗಿ ಕೂತರು. ಒಬ್ಬೊಬ್ಬಳ ಬೆನ್ನ ಹಿಂದೆಯೂ ಅವಳ ಗಂಡ, ಗಂಡ ಇಲ್ಲದಿದ್ದರೆ ಅಣ್ಣ, ಯಾರೂ ಇಲ್ಲದ ಅದೊಸಿಂದಾಳ ಹಿಂದೆ ಸ್ವತಃ ಪಾದ್ರಿಗಳು ಕೈಕಟ್ಟಿ ನಿಂತರು. ಸಾಲಿನ ತುದಿಯಲ್ಲಿ ತೊಂಬತ್ತೊಂದು ವರ್ಷದ ಅಪೊಲೋನಿಯಾ ಅಜ್ಜಿ, ಹಬ್ಬಕ್ಕೆ ಮಾತ್ರ ತೆಗೆಯುವ ಚಿನ್ನದ ಓಲೆ ಹಾಕಿಕೊಂಡು ಬಂದು ಕೂತಿದ್ದಳು.

“ಅಜ್ಜೀ, ನೀವು ಮನೆಗೆ ಹೋಗಿ. ನಿಮ್ಮನ್ನ ಬಿಟ್ಟಿದೀವಿ,” ಎಂದ ಅಬೀಲಿಯೊ.

“ಯಾಕೋ ಬಿಡ್ತೀಯ? ನನ್ನ ಹೆಸರು ‘ಅ’ ಅಲ್ವೇನೋ? ನನ್ನ ಮೇಲೂ ಅನುಮಾನ ಪಡು!”

“ಅಜ್ಜೀ, ನಿಮ್ಮ ವಯಸ್ಸಿಗೆ—”

“ನಾನೇ ಕಣೋ! ನಾನೇ ಕೊಟ್ಟಿದ್ದು! ಬರ್ಕೋ!” ಎಂದು ಅಜ್ಜಿ ಬೆಲ್ಮೀರೊನ ಕಡೆ ಕಣ್ಣು ಮಿಟುಕಿಸಿದಳು. ಬೆಲ್ಮೀರೊ ಹೆದರಿ ಪಾದ್ರಿಗಳ ಹಿಂದೆ ಸರಿದ.

ಹೊಲಿಗೆ ಶುರುವಾಯಿತು. ಆ ಹನ್ನೊಂದು ಮಂದಿ ಇಡೀ ಸೀಮೆಯಲ್ಲಿ ಹೆಸರು ಮಾಡಿದ ಕೈಗಳು. ಆದರೆ ಚೆನ್ನಾಗಿ ಹೊಲಿದವಳೇ ಕಳ್ಳಿ ಎಂದಾದ ಮೇಲೆ ಯಾರು ಚೆನ್ನಾಗಿ ಹೊಲಿಯುತ್ತಾರೆ? ಅಮೇಲಿಯಾಳ ಹಕ್ಕಿ ಬಟಾಟೆಯಂತಾಯಿತು. ಅದೊಸಿಂದಾಳ ಹಕ್ಕಿಗೆ ನಾಲ್ಕು ಕಾಲು ಬಂದವು. ಇನ್ನೊಬ್ಬಳು ಹಕ್ಕಿಯ ಜೊತೆಗೆ ತನ್ನ ಲಂಗವನ್ನೂ ಸೇರಿಸಿ ಹೊಲಿದುಕೊಂಡು ಏಳಲಾರದೆ ಕೂತಳು. ಹಿಂದೆ ನಿಂತ ಗಂಡಂದಿರು, ತಮ್ಮ ಹೆಂಡಿರಿಗೆ ಏನೂ ಬರುವುದಿಲ್ಲ ಎಂದು ಹೆಮ್ಮೆಯಿಂದ ಒಬ್ಬರನ್ನೊಬ್ಬರು ನೋಡಿಕೊಂಡರು.

ಲಿಸ್ಬನ್ನಿನ ಅಮ್ಮನವರಿಗೆ ಒಳಗಿನ ವಿಷಯ ಯಾರೂ ಹೇಳಿರಲಿಲ್ಲ. ಅವರು ಬೆಂಚಿನಿಂದ ಬೆಂಚಿಗೆ ಓಡಾಡಿ ಫೋಟೊ ತೆಗೆದರು. “ಎಂಥಾ ಮುಗ್ಧತೆ! ಈ ಬಟಾಟೆಯಲ್ಲಿ ಎಷ್ಟು ಆಳವಾದ ನೋವಿದೆ! ಇದನ್ನು ಮ್ಯೂಸಿಯಮ್ಮಿನಲ್ಲಿಡಬೇಕು!” ಎಂದು ಕಣ್ಣೊರೆಸಿಕೊಂಡರು.

ದೋನಾ ಕಿತೇರಿಯಾ ಕೋಲೂರಿಕೊಂಡು ಬಂದು ಹನ್ನೊಂದು ಹಕ್ಕಿಗಳನ್ನೂ ನೋಡಿದಳು. ಪ್ರತಿ ಹಕ್ಕಿಗೂ ಒಂದೊಂದು ಸಲ ನಿಟ್ಟುಸಿರು ಬಿಟ್ಟಳು.

“ಯಾರೂ ಅಲ್ಲ,” ಎಂದಳು.

“ಯಾರೂ ಅಲ್ಲ ಅಂದ್ರೆ? ಸರಿಯಾಗಿ ನೋಡಿ, ದೋನಾ ಕಿತೇರಿಯಾ,” ಎಂದು ಅಬೀಲಿಯೊ ಕರವಸ್ತ್ರ ಅವಳ ಕೈಗೆ ಕೊಟ್ಟ. “ಇಲ್ಲದಿದ್ರೆ ಬೆಲ್ಮೀರೊ, ನಿನ್ನ ಚೀಲ ಇಲ್ಲಿಡು.”

ಬೆಲ್ಮೀರೊ ಚೀಲದ ಪಟ್ಟಿಯನ್ನು ಹೆಗಲಿನಿಂದ ಇಳಿಸಿದ. ಎಲ್ಲಿಡಬೇಕೆಂದು ತಿಳಿಯದೆ ಎದೆಗವಚಿಕೊಂಡು ನಿಂತ. ರೊಟ್ಟಿಯ ಮೇಜಿನ ಬಳಿ ನಿಂತಿದ್ದ ಗ್ರಾಸಿಂದಾಳ ಕೈಯಿಂದ ಚಾಕು ಜಾರಿ ಠಣ್ಣೆಂದು ಬಿತ್ತು. ದೋನಾ ಕಿತೇರಿಯಾ ಆ ಸದ್ದಿನತ್ತ ತಿರುಗಿಯೂ ನೋಡಲಿಲ್ಲ. ಕರವಸ್ತ್ರವನ್ನು ಬೆಳಕಿಗೆ ಹಿಡಿದು ಮೂಗು ಮುರಿದಳು.

“ಇದಕ್ಯಾಕೆ ಇಷ್ಟು ಗಲಾಟೆನೋ ಗೊತ್ತಾಗ್ಲಿಲ್ಲ. ಇದೂ ಅಷ್ಟಕ್ಕಷ್ಟೇ. ಅವಸರದ ಕೈ. ನೋಡಿ ಈ ಹಕ್ಕಿ ಬಾಲಾನ, ಪೊರಕೆ ಇದ್ದಂಗಿದೆ.”

“ಪೊರಕೆ!?”

ಸಭೆ ಬೆಚ್ಚಿ ತಿರುಗಿತು. ಗ್ರಾಸಿಂದಾ ರೊಟ್ಟಿಯ ಮೇಜನ್ನು ಒತ್ತರಿಸಿಕೊಂಡು ಬರುತ್ತಿದ್ದಳು.

“ಪೊರಕೆನಾ? ಆ ಬಾಲಕ್ಕೆ ನಾನು ಹದಿನಾರು ದಿನ ಕೂತಿದ್ದೆ, ದೋನಾ ಕಿತೇರಿಯಾ! ಹದಿನಾರು ದಿನ! ಮೂರು ಸಲ ಬಿಚ್ಚಿ ಹಾಕ್ದೆ! ಹಿಂದುಗಡೆ ತಿರುಗಿಸಿ ನೋಡಿ, ಒಂದು ಗಂಟು ತೋರಿಸಿ ನೋಡೋಣ! ಒಂದೇ ಒಂದು!”

“ಗಂಟಿಲ್ಲ,” ಎಂದಳು ದೋನಾ ಕಿತೇರಿಯಾ ಶಾಂತವಾಗಿ. “ಬುಧವಾರ ಅವನ ಜೇಬಲ್ಲಿ ನೋಡ್ದಾಗಲೇ ನನಗೆ ಗೊತ್ತಾಗಿತ್ತು, ಮಗಳೇ. ನೀನಾಗಿ ಹೇಳ್ತೀಯೇನೋ ಅಂತ ಕಾದೆ.”

ನಲವತ್ತು ವರ್ಷ ಹುಡುಗಿಯರಿಗೆ ಸೂಜಿ ಕಲಿಸಿದ ಅವಳಿಗೆ ಒಂದು ವಿಷಯ ಗೊತ್ತಿತ್ತು: ಹೆಣ್ಣಿನ ನಡತೆಗೆ ಹೆಸರಿಟ್ಟರೆ ಅವಳು ತಲೆ ತಗ್ಗಿಸಿ ನುಂಗಿಕೊಂಡಾಳು, ಹೊಲಿಗೆಗೆ ಹೆಸರಿಟ್ಟರೆ ನುಂಗುವವಳು ಇನ್ನೂ ಹುಟ್ಟಿಲ್ಲ.

ಬೆಲ್ಮೀರೊ ಸಂತೋಷದಿಂದ ಚೀಲ ಮೇಲೆತ್ತಿದ. “ನೋಡಿದ್ರಾ! ನಮ್ಮನೇದೇ ಅಂತ ನಾನು ಹೇಳ್ಲಿಲ್ವಾ! ನನ್ನ ಹೆಂಡ್ತಿದೇ!” ಅಷ್ಟರಲ್ಲಿ ಅವನ ಮುಖ ಮೆಲ್ಲಗೆ ಬದಲಾಯಿತು. “ಆದ್ರೆ ಗ್ರಾಸಿಂದಾ, ನನ್ನ ಹೆಸರು ‘ಅ’ ಅಲ್ವಲ್ಲ?”

ಮುನ್ನೂರು ಜನ ಕತ್ತು ಚಾಚಿದರು. ಗ್ರಾಸಿಂದಾ ಸೊಂಟಕ್ಕೆ ಕೈಯಿಟ್ಟು ಅಧ್ಯಕ್ಷರ ಕಡೆ ತಿರುಗಿದಳು.

“ನಾಲ್ಕು ದಿನದಿಂದ ಭೂತಗನ್ನಡಿ ಹಿಡ್ಕೊಂಡು ನೋಡ್ತಾ ಇದ್ದೀಯಲ್ಲ, ಅಬೀಲಿಯೊ. ಇಪ್ಪತ್ತಾರು ವರ್ಷದ ಹಿಂದೆ ಬರೀ ಕಣ್ಣಲ್ಲಿ ಒಂದು ಸಲ ನೋಡಿದ್ರೆ ಸಾಕಾಗಿತ್ತು. ನಿನಗೆ ಹಾಕಿದ್ದು ಕಣೋ ಇದು! ನಿಮ್ಮಮ್ಮ ಮಾರನೇ ದಿನವೇ ವಾಪಸ್ ಕಳಿಸಿದ್ಲು. ಜೊತೆಗೆ ಒಂದು ಡಜನ್ ಮೊಟ್ಟೆ. ಮೊಟ್ಟೇನೂ ಸಣ್ಣವು! ಅವತ್ತಿಂದ ನಾನು ಸೂಜಿ ಮುಟ್ಟಿಲ್ಲ. ಮೊನ್ನೆ ಈ ಬಟ್ಟೆ ಪಕ್ಕದಲ್ಲೇ ನಿಂತ್ಕೊಂಡು ‘ಕಣ್ಣಿಗೊತ್ತಿಕೊಳ್ಳಬೇಕು’ ಅಂದ್ಯಲ್ಲ, ಒತ್ಕೋ ಈಗ!”

ಅಬೀಲಿಯೊನ ಬಾಯಿಯಿಂದ ಪದ್ಯವೂ ಬರಲಿಲ್ಲ, ಮಹಾಕಾವ್ಯವೂ ಬರಲಿಲ್ಲ. “ನನಗೆ… ಅಮ್ಮ ತೋರಿಸ್ಲೇ ಇಲ್ಲ…” ಎಂದ.

ಮೊದಲ ಸಾಲಿನಿಂದ ಅವನ ಹೆಂಡತಿಯ ಸಣ್ಣ ದನಿ ಬಂತು:

“ತೋರಿಸಿದ್ದಿದ್ರೆ?”

ಹನ್ನೊಂದು ಹೆಂಗಸರ ಹಿಂದೆ ನಿಂತಿದ್ದ ಹನ್ನೊಂದು ಗಂಡಸರೂ ಮೆಲ್ಲಗೆ ಬಾಗಿಲ ಕಡೆ ಸರಿಯತೊಡಗಿದರು. ಲಿಸ್ಬನ್ನಿನ ಅಮ್ಮನವರು ಇದೂ 'ಪ್ರಾತ್ಯಕ್ಷಿಕೆ'ಯ ಭಾಗವೆಂದು ಚಪ್ಪಾಳೆ ತಟ್ಟಿದರು.

ಬೆಲ್ಮೀರೊ ಮಾತ್ರ ನಿಂತಲ್ಲೇ ನಿಂತಿದ್ದ. ಊರಿನ ಕಣ್ಣೆಲ್ಲ ಈಗ ಅವನ ಮೇಲೆ. ಹೆಂಡತಿ ಇನ್ನೊಬ್ಬನಿಗೆಂದು ಹದಿನಾರು ದಿನ ಹಕ್ಕಿಯ ಬಾಲ ಹೆಣೆದದ್ದು ಗೊತ್ತಾದ ಗಂಡ ಏನು ಮಾಡುತ್ತಾನೆ? ಎರ್ಮೀನಿಯೊ ಆಗಿದ್ದರೆ ಕತ್ತಿ ಹುಡುಕುತ್ತಿದ್ದ. ಬೆಲ್ಮೀರೊ ಯೋಚಿಸಿದ. ಅವನಿಗೆ ಹೊತ್ತು ಹಿಡಿಯಿತು. ಅವನಿಗೆ ಯಾವುದಕ್ಕಾದರೂ ಹೊತ್ತು ಹಿಡಿಯುತ್ತದೆ. ಆಮೇಲೆ ಚೀಲ ಹೆಗಲಿಗೆ ಹಾಕಿಕೊಂಡು ನಡೆದು ಬಂದು, ದೋನಾ ಕಿತೇರಿಯಾಳ ಕೈಯಿಂದ ಕರವಸ್ತ್ರ ತೆಗೆದುಕೊಂಡು, ಮಡಿಚಿ, ಅಕ್ಷರವೂ ಹಕ್ಕಿಯೂ ಕಾಣುವಂತೆ ಜೇಬಿಗೆ ಸಿಕ್ಕಿಸಿಕೊಂಡ.

“ಬುಧವಾರ ಇಷ್ಟೂ ಜನರ ಮುಂದೆ ಹಾಕ್ಕೊಂಡು ನಿಂತಿದ್ದೆ,” ಎಂದ. “ಫೋಟೊನೂ ಇದೆ. ಪದ್ಧತಿ ಪ್ರಕಾರ ಒಪ್ಪಿಗೆ ಆಗಿಹೋಯ್ತು. ಇನ್ನು ಯಾರಮ್ಮ ಬಂದ್ರೂ ವಾಪಸ್ ಇಲ್ಲ.”

ಅಪೊಲೋನಿಯಾ ಅಜ್ಜಿ ಕೋಲಿನಿಂದ ನೆಲ ಕುಟ್ಟಿದಳು. “ಇಂಥೋನಿಗೆ ನಾನು ಕೊಟ್ಟಿದ್ರೂ ತಪ್ಪೇನಿರ್ಲಿಲ್ಲ!”

ಅಬೀಲಿಯೊ ಕೆಲಸದ ಮಾತನ್ನೇ ಎತ್ತಲಿಲ್ಲ. ಅವನಿಗೆ ಆಗ ತನ್ನ ಮನೆಗೆ ಹೋಗುವುದೇ ದೊಡ್ಡ ಕೆಲಸವಾಗಿತ್ತು.

ಗಂಡಹೆಂಡಿರು ದ್ರಾಕ್ಷಿ ಚಪ್ಪರಗಳ ನಡುವಿನ ದಾರಿಯಲ್ಲಿ ಮನೆ ಕಡೆ ನಡೆದರು.

“ನನ್ನ ಕೆಲಸ ಹೋಗ್ತಿತ್ತಲ್ಲೇ,” ಎಂದ ಬೆಲ್ಮೀರೊ.

“ಹೋಗೋಕೆ ಬಿಡ್ತಿರ್ಲಿಲ್ಲ.”

“ಯಾವಾಗ ಬಾಯಿ ಬಿಡ್ತಿದ್ದೆ?”

“ಅದನ್ನೇ ಯೋಚಿಸ್ತಾ ಇದ್ದೆ.”

ಇನ್ನೊಂದು ತಿರುವು ಕಳೆಯಿತು.

“ನನಗೆ ಯಾಕೆ ಒಂದೂ ಹಾಕಿಕೊಡ್ಲಿಲ್ಲ ನೀನು?”

“ಕಾಯೋಳು ಕಸೂತಿ ಹಾಕ್ತಾಳೆ, ಮನುಷ್ಯಾ. ನೀನು ಕಾಯಿಸಿದ್ದೇ ಇಲ್ವಲ್ಲ. ಕರೆಯೋ ಮೊದ್ಲೇ ಬಂದು ನಮ್ಮಮ್ಮನ ಅಡುಗೆಮನೇಲಿ ಕೂತಿರ್ತಿದ್ದೆ.”

ಇದು ಹೊಗಳಿಕೆಯೋ ಬೈಗುಳವೋ ಎಂದು ಬೆಲ್ಮೀರೊ ಅವಳ ಮುಖವನ್ನು ಓರೆಗಣ್ಣಿನಿಂದ ನೋಡಿದ. ಗ್ರಾಸಿಂದಾ ಕೈ ಚಾಚಿದಳು.

“ಕೊಡು ಇಲ್ಲಿ. ಆ ಅಕ್ಷರ ಬಿಚ್ಚಿಹಾಕ್ತೀನಿ. ನಿನ್ನದು ಹಾಕಿಕೊಡ್ತೀನಿ.”

ಬೆಲ್ಮೀರೊ ಎರಡೂ ಕೈಯಿಂದ ಜೇಬು ಮುಚ್ಚಿಕೊಂಡ.

“ಬೇಡ ಬೇಡ,” ಎಂದ ಗಾಬರಿಯಿಂದ. “ಬಿಚ್ಚಿದ್ರೆ ಸೂಜಿ ತೂತು ಉಳಿಯುತ್ತೆ. ತೂತು ಕಂಡ್ರೆ ಜನ ಅನುಮಾನ ಪಡ್ತಾರೆ.”